ಒಂದು ಬಗೆಯ ಮರ



ಹಳಗನ್ನಡ ಕಾವ್ಯಗಳನ್ನು ಓದಿಸುವವರಿಗೆ ವನವರ್ಣನೆಯ ಪದ್ಯಗಳು ಎದುರಾದಾಗ ಒಂದು ಸುಲಭೋಪಾಯವುಂಟು. ಚಂಪಕ, ಬಕುಳ, ಪಾಟಲ, ತಿಲಕ, ಕುರವಕ, ಅಂಕೋಲ ಎಂದು ಕವಿಯು ಮರಗಳ ಹೆಸರುಗಳನ್ನು ಸಾಲುಗಟ್ಟಿ ನಿಲ್ಲಿಸಿದಾಗ, ಪರಿಚಿತವಾದ ಒಂದೆರಡಕ್ಕೆ ಅರ್ಥವನ್ನು ಹೇಳಿ, ಉಳಿದವಕ್ಕೆ 'ಒಂದು ಬಗೆಯ ಮರ' ಎಂದು ಬರೆಯಿಸಿ ಮುಂದಿನ ಪದ್ಯಕ್ಕೆ ಹೋಗಿಬಿಡುವುದೇ ಆ ಉಪಾಯ. ಎಷ್ಟೋ ಟೀಕೆಗಳೂ ಪದಕೋಶಗಳೂ ಇದನ್ನೇ ಮಾಡಿವೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಾವೂ ಇದನ್ನೇ ಮಾಡಿದೆವು. ವಿದ್ಯಾರ್ಥಿಗಳಾರೂ ಆಕ್ಷೇಪಿಸಲಿಲ್ಲ. ಪರೀಕ್ಷೆಯಲ್ಲಿ 'ಒಂದು ಬಗೆಯ ಮರ' ಎಂದು ಬರೆದವನಿಗೆ ಅಂಕವೂ ದೊರೆಯುತ್ತಿತ್ತು.

ಹಾಗೆಂದು ನಮಗೆ ಗಿಡಮರಗಳ ಗಂಧವೇ ಇರಲಿಲ್ಲವೆಂದಲ್ಲ. ನಾವು ಕಲಿತ ಮಠದ ಪಾಠಶಾಲೆಯಲ್ಲಿ ಬೆಳಗಿನ ಜಾವ ಬಾವಿಯಿಂದ ನೀರು ಸೇದಿ ಹೂದೋಟಕ್ಕೆ ಹಾಯಿಸುವುದು ಹುಡುಗರ ಪಾಲಿನ ಕಾಯಕವಾಗಿತ್ತು. ಬಿಲ್ವ, ತುಂಬೆ, ಕಣಗಿಲೆ, ನಂದಿಬಟ್ಟಲು, ಇವು ನಮ್ಮ ಕೈಗೆ ಗೊತ್ತಿದ್ದ ಗಿಡಗಳು. ಪೂಜೆಯ ಬುಟ್ಟಿಗೆ ಬಾರದ ಗಿಡವನ್ನು ಮಾತ್ರ ನಾವು ನೋಡಿದವರಲ್ಲ. ಕೈಯಿಂದ ಕಲಿತದ್ದು ಅಲ್ಲಿಗೆ ನಿಂತಿತು. ಅನಂತರ ಕಲಿತದ್ದೆಲ್ಲವೂ ಪುಸ್ತಕದಿಂದ.

ಈ ಅಭ್ಯಾಸದಿಂದ ನಮ್ಮನ್ನು ಬಿಡಿಸಿದ್ದು ಲಾಲ್‌ಬಾಗಿನ ಒಂದು ಮರದ ನೆರಳಿನಲ್ಲಿ ಕೇಳಿದ ಅರ್ಧ ಗಂಟೆಯ ಮಾತು. ಅದನ್ನು ಈ ತಿಂಗಳು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದಿದ್ದೇವೆ. ಅದರಲ್ಲಿ ನಮ್ಮ ತಪ್ಪೊಂದು ಅಡಗಿರುವುದರಿಂದ, ಹೇಳಿಕೊಳ್ಳಲು ಸ್ವಲ್ಪ ಸಂಕೋಚವೂ ಆಗುತ್ತಿದೆ.

ಗೊಟ್ಟಿಗೆರೆಯ ನಮ್ಮ ಬಡಾವಣೆಯ ಕೆಲವು ಹಿರಿಯರು, ನಿವೃತ್ತರು, ಮನೆಗೆಲಸ ಮುಗಿಸಿದ ತಾಯಂದಿರು ಸೇರಿ ತಿಂಗಳಿಗೊಮ್ಮೆ ಬನ್ನೇರುಘಟ್ಟ ರಸ್ತೆಯ ಬಸ್ಸು ಹಿಡಿದು ಲಾಲ್‌ಬಾಗಿಗೆ ಹೋಗುವ ಪರಿಪಾಠವನ್ನಿಟ್ಟುಕೊಂಡಿದ್ದಾರೆ. ಈ ಕೂಟಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಬೆಳಗಿನ ಹೊತ್ತು ಅಲ್ಲಿ ನಡಿಗೆಯವರ ಸಂದಣಿ, ಸಂಜೆ ವಿಹಾರಕ್ಕೆ ಬಂದವರ ಸಂದಣಿ. ಊಟದ ಹೊತ್ತಿನಲ್ಲಿ ಮಾತ್ರ ತೋಟವು ಮೌನವಾಗಿರುತ್ತದೆ. ಕಸ ಬೀಳಬಾರದೆಂಬ ಕಟ್ಟಳೆಯನ್ನು ನಾವೇ ಹಾಕಿಕೊಂಡಿರುವುದರಿಂದ ಊಟವನ್ನು ಮುಗಿಸಿಕೊಂಡೇ ಒಳಗೆ ಹೋಗುತ್ತೇವೆ. ಒಂದು ಮರ, ಒಬ್ಬರ ಮಾತು, ಅರ್ಧ ಗಂಟೆಯ ಕಾಲ, ಇಷ್ಟೇ ಕಾರ್ಯಕ್ರಮ. ಬಲ್ಲವರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಜಗತ್ತಿನ ಬೇರೆ ಬೇರೆ ನಗರಗಳ ಸಸ್ಯೋದ್ಯಾನಗಳಲ್ಲಿ ಇಂತಹ ಮಧ್ಯಾಹ್ನದ ಉಪನ್ಯಾಸಗಳು ನಡೆಯುವುದುಂಟು. ನಮ್ಮಲ್ಲಿಯೂ ಇದು ತೀರ ಹೊಸತೇನಲ್ಲ. ಬೆಂಗಳೂರಿನ ಪಕ್ಷಿವೀಕ್ಷಕರು ೧೯೭೦ರ ದಶಕದಿಂದಲೂ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಇದೇ ಲಾಲ್‌ಬಾಗಿನಲ್ಲಿ ಕೂಡುತ್ತ ಬಂದಿದ್ದಾರೆ. ತಾರಸಿಯ ಮೇಲೆ ತರಕಾರಿ ಬೆಳೆಯುವವರು ೨೦೧೧ರಿಂದ 'ಊಟ ಫ್ರಮ್ ಯುವರ್ ತೋಟ' ಎಂಬ ಮೇಳವನ್ನು ನಗರದಲ್ಲಿ ನಡೆಸಿದ್ದಾರೆ. ಅದರ ಹಿಂದಿದ್ದವರಲ್ಲಿ ಪ್ರಮುಖರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಕೀಟಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಎನ್. ವಿಶ್ವನಾಥರು.

ಲಾಲ್‌ಬಾಗು ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ. ಆದರೆ ಅದು ಮೂಲತಃ ಒಂದು ಪಾಠಶಾಲೆಯೂ ಹೌದೆಂಬುದನ್ನು ನಾವು ಮರೆತಿದ್ದೇವೆ. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿ ಟಿಪ್ಪುವು ಬೆಳೆಸಿದ ಆ ತೋಟ ೧೮೫೬ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಇಂದು ಅದರ ವಿಸ್ತಾರ ೨೪೦ ಎಕರೆ. ಕೆಂಪೇಗೌಡರ ಗಡಿಗೋಪುರವನ್ನು ಹೊತ್ತಿರುವ ಅಲ್ಲಿನ ಬಂಡೆಗೆ ಭೂವಿಜ್ಞಾನಿಗಳು ಸುಮಾರು ೩೦೦ ಕೋಟಿ ವರ್ಷಗಳ ವಯಸ್ಸನ್ನು ಹೇಳುತ್ತಾರೆ. ೧೮೭೪ರಲ್ಲಿ ಬಂದ ಜಾನ್ ಕ್ಯಾಮರಾನರೂ ೧೯೦೮ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ಲರೂ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೈ ಪಳಗಿಸಿಕೊಂಡವರು. ನಮ್ಮ ತಾಯಂದಿರು ಸಾಂಬಾರಿಗೆ ಹೆಚ್ಚುವ ಸೀಮೆಬದನೆಕಾಯಿ ಈ ಊರಿಗೆ ಬಂದುದು ಕ್ಯಾಮರಾನರಿಂದ. ಅದರ ತವರು ಮಧ್ಯ ಅಮೆರಿಕದ ಕಡೆ. ನಮ್ಮ ಅಡುಗೆಮನೆಯಲ್ಲಿ ಇಂತಹ ಎಷ್ಟು ಅತಿಥಿಗಳಿದ್ದಾರೆಂಬುದನ್ನು ತಿಳಿಯಬಯಸುವವರು ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಪುಸ್ತಕವನ್ನು ಅವಶ್ಯವಾಗಿ ಓದಬೇಕು. ವರ್ಷದ ಯಾವ ತಿಂಗಳಲ್ಲಿಯೂ ನಗರದ ಯಾವುದಾದರೊಂದು ಬೀದಿಯ ಮರಗಳು ಹೂವಿನಿಂದ ತುಂಬಿರಬೇಕೆಂದು ಸಾಲುಮರಗಳನ್ನು ಯೋಜಿಸಿದವರು ಕ್ರುಂಬಿಗಲ್. ೧೯೩೨ರಲ್ಲಿ ಅವರು ನಿವೃತ್ತರಾದ ಮೇಲೆ ಎಚ್. ಸಿ. ಜವರಾಯರು, ಅನಂತರ ಡಾ. ಎಂ. ಎಚ್. ಮರಿಗೌಡರು ಆ ಕೆಲಸವನ್ನು ಮುಂದುವರಿಸಿದರು. ಹಾರ್ವರ್ಡಿನಲ್ಲಿ ಓದಿಬಂದ ಮರಿಗೌಡರು ತೋಟಗಾರಿಕೆಯನ್ನು ಅರಮನೆಯ ತೋಟದಿಂದ ಒಣಭೂಮಿಯ ರೈತನ ಹೊಲಕ್ಕೆ ಕೊಂಡೊಯ್ದವರು.

ಉದ್ಯಾನದಲ್ಲಿ ಕ್ರುಂಬಿಗಲ್ ಸಭಾಂಗಣವೆಂಬ ಒಂದು ಹಳೆಯ ಕಟ್ಟಡವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ್ದು. ತೋಟಗಾರಿಕೆಯ ಪಾಠಗಳು ನಡೆಯುತ್ತಿದ್ದ ಸ್ಥಳವದು. ಶಿಥಿಲವಾಗಿದ್ದ ಆ ಕಟ್ಟಡ ೨೦೧೭ರಲ್ಲಿ ನೆಲಸಮವಾಯಿತು. ಮುಂದೆ ಹಳೆಯ ರೂಪದಲ್ಲಿಯೇ ಅದನ್ನು ಮತ್ತೆ ಕಟ್ಟಿದರು. ಗೋಡೆಯನ್ನು ಹೀಗೆ ಪುನಃ ಎಬ್ಬಿಸಬಹುದು. ಅದರೊಳಗೆ ಕುಳಿತು ಕೇಳುವ ಅಭ್ಯಾಸವನ್ನು ಎಬ್ಬಿಸುವವರು ಯಾರು? ಆ ಹೊಣೆ ಸರ್ಕಾರಕ್ಕಿಂತ ಹೆಚ್ಚಾಗಿ ನಮ್ಮಂತಹವರದೇ ಎಂದು ನಮಗೆ ತೋರುತ್ತದೆ.

ಇನ್ನು ನಮ್ಮ ತಪ್ಪಿನ ವಿಷಯಕ್ಕೆ ಬರೋಣ.

ನಾವು ಗೊಟ್ಟಿಗೆರೆಯಲ್ಲಿ ಮನೆ ಕಟ್ಟಿಸಿದ್ದು ೧೯೯೮ರಲ್ಲಿ. ಆಗ ಅದಿನ್ನೂ ಹಳ್ಳಿ. ನಗರಪಾಲಿಕೆಯ ಎಲ್ಲೆಯೊಳಗೆ ಅದು ಸೇರಿದ್ದು ೨೦೦೭ರಲ್ಲಿ. ಕೆರೆಯ ಕಡೆಗೆ ರಾಗಿಯ ಹೊಲಗಳು ಇನ್ನೂ ಉಳಿದಿದ್ದವು. ನಮ್ಮ ನಿವೇಶನದ ಅಂಚಿನಲ್ಲಿ ಹಳೆಯ ಬದುವೊಂದಿತ್ತು. ಬದುವಿನ ಮೇಲೆ ಡೊಂಕು ಕೊಂಬೆಗಳ, ಮುಳ್ಳಿನಂತಹ ತುದಿಗಳ ಒಂದು ಮಧ್ಯಮ ಗಾತ್ರದ ಮರ. ನಾವು ನಿವೇಶನವನ್ನು ನೋಡಹೋದ ಕಾಲದಲ್ಲಿ ಎಲೆಗಳೆಲ್ಲ ಉದುರಿ, ಬರಿಯ ಕೊಂಬೆಗಳ ತುಂಬ ಬಿಳಿಯ ಹೂಗಳಿದ್ದವು. ಸುವಾಸನೆ ರಸ್ತೆಯವರೆಗೂ ಬರುತ್ತಿತ್ತು. ನಮ್ಮ ಮನೆಯವರು, "ಹೂ ಬಿಡುವ ಮರ, ಅದರ ಪಾಡಿಗೆ ಅದಿರಲಿ ಬಿಡಿ" ಎಂದರು. ಆದರೆ ಆವರಣದ ಗೋಡೆ ನೇರವಾಗಿ ಬರಬೇಕಿತ್ತು. ಮರವನ್ನು ಉಳಿಸಿದರೆ ಗೋಡೆ ಮೂರು ಅಡಿ ಒಳಕ್ಕೆ ಬಾಗಬೇಕಾಗಿತ್ತು. ಆ ಮೂರು ಅಡಿಗೆ ನಮಗೆ ಮನಸ್ಸು ಬಾರಲಿಲ್ಲ.

ಕಡಿಯಲು ಬಂದವನು ತೆಲುಗು ಸೀಮೆಯ ಕಡೆಯ ಒಬ್ಬ ಕೂಲಿಯಾಳು. ಕೊಡಲಿಯನ್ನು ಕೆಳಗಿಟ್ಟು, "ಇದು ಊಡುಗ, ಸ್ವಾಮಿ. ಕಡೀಲೇಬೇಕಾ?" ಎಂದು ಕೇಳಿದ. ಊಡುಗವೆಂದರೇನೆಂದು ನಾವು ಕೇಳಲಿಲ್ಲ. ನಿಘಂಟಿನಲ್ಲಿ ಕಾಣದ ಹೆಸರಿಗೆ ನಮ್ಮ ಬಳಿ ಬೆಲೆಯಿರಲಿಲ್ಲ. "ಕಡಿಯಪ್ಪ" ಎಂದೆವು. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಗೋಡೆ ನೇರವಾಗಿಯೇ ಬಂದಿತು.

ಕಳೆದ ಫಾಲ್ಗುಣದಲ್ಲಿ ನಮ್ಮ ಕೂಟದ ಮಾತಿನ ಸರದಿ ಒಬ್ಬ ನಿವೃತ್ತ ಮಾಲಿಯವರದಾಗಿತ್ತು. ಹೆಚ್ಚು ಓದಿದವರಲ್ಲ. ನಗರದ ಹೊರವಲಯದ ಬೇಲಿಯೊಂದರಿಂದ ಒಂದು ಸಣ್ಣ ಕೊಂಬೆಯನ್ನು ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಟ್ಟೆ ಬಿಚ್ಚಿದೊಡನೆ ಬಿಳಿಯ ಹೂಗಳು, ಹಿಂದಕ್ಕೆ ಮಡಿಸಿದ ನೀಳ ಎಸಳುಗಳು, ಆ ಹಳೆಯ ಸುವಾಸನೆ. "ಇದು ಅಂಕೋಲೆ. ತೆಲುಗಿನವರು ಊಡುಗ ಅಂತಾರೆ" ಎಂದರು.

ನಮಗೆ ಮಾತು ಹೊರಡಲಿಲ್ಲ. ಅಂಕೋಲ! ಶಂಕರಾಚಾರ್ಯರದೆಂದು ಪ್ರಸಿದ್ಧವಾದ 'ಶಿವಾನಂದಲಹರಿ'ಯಲ್ಲಿ ಭಕ್ತಿಯ ಸ್ವರೂಪವನ್ನು ಹೇಳುವಾಗ ಮೊದಲನೆಯ ಉಪಮಾನವಾಗಿ ಬರುವುದು ಈ ಮರವೇ. ಕೆಳಗೆ ಬಿದ್ದ ಅಂಕೋಲದ ಬೀಜಗಳು ಮರಳಿ ತಾಯಿಮರವನ್ನೇ ಸೇರುವಂತೆ ಚಿತ್ತವು ಭಗವಂತನ ಪಾದವನ್ನು ಸೇರಬೇಕೆಂಬುದು ಅದರ ಭಾವ. ಈ ಶ್ಲೋಕವನ್ನು ನಾವು ಬಾಲ್ಯದಲ್ಲಿ ಕಂಠಪಾಠ ಮಾಡಿದ್ದೆವು. ಎಷ್ಟೋ ಸಭೆಗಳಲ್ಲಿ ವಿವರಿಸಿ ಶ್ರೋತೃಗಳ ಕಣ್ಣು ತೇವವಾದುದನ್ನು ಕಂಡಿದ್ದೆವು. ಮನೆಯ ಬದುವಿನ ಮೇಲೆ ಅದೇ ಮರ ಹೂ ತುಂಬಿ ನಿಂತಿದ್ದಾಗ ಕಡಿಸಿಹಾಕಿದ್ದೆವು. ಕೂಲಿಯಾಳು ಅದರ ಹೆಸರನ್ನು ಹೇಳಿದ್ದ. ಹೆಸರಿನ ಪಂಡಿತರಾದ ನಾವು ಕೇಳಿಸಿಕೊಳ್ಳಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡು, "ಇದರ ಬೀಜಗಳು ತಾವಾಗಿಯೇ ಮರಕ್ಕೆ ಹಿಂದಿರುಗುತ್ತವೆಯೆ?" ಎಂದು ಕೇಳಿದೆವು. ಅವರು ನಕ್ಕು, "ನಾನು ಕಂಡಿಲ್ಲ ಸ್ವಾಮಿ. ಹಣ್ಣಿನ ತಿರುಳು ಅಂಟಂಟಾಗಿರ್ತದೆ, ಅದಕ್ಕೇ ಯಾರೋ ಹಾಗೆ ಹೇಳಿರಬೇಕು. ಹಕ್ಕಿ ತಿಂದು ದೂರ ಹಾಕ್ತದೆ. ಬೀಜ ಎಲ್ಲ ತಾಯಿ ಬುಡಕ್ಕೇ ಬಂದ್ರೆ ನೆರಳಲ್ಲಿ ಮರಿ ಬದುಕೋದು ಹೆಂಗೆ?" ಎಂದರು.

ಈ ಉತ್ತರದಿಂದ ನಮ್ಮ ಉಪಮಾನಕ್ಕೆ ಭಂಗವಾಯಿತೆಂದು ನಾವು ಭಾವಿಸುವುದಿಲ್ಲ. ಉಪಮಾನವು ಮನಸ್ಸಿನ ನಡಿಗೆಯನ್ನು ಹೇಳುತ್ತದೆ, ಮಾಲಿಯವರು ಮರದ ಬದುಕನ್ನು ಹೇಳಿದರು. ಎರಡೂ ತಿಳಿದವನು ಉಪಮಾನವನ್ನೂ ಚೆನ್ನಾಗಿ ಹೇಳಬಲ್ಲ, ಮರವನ್ನೂ ಉಳಿಸಬಲ್ಲ. ಒಂದನ್ನೇ ತಿಳಿದ ನಮ್ಮಿಂದ ಏನಾಯಿತೆಂಬುದನ್ನು ಈಗಷ್ಟೇ ಹೇಳಿದೆವು.

ಮನೆಗೆ ಬಂದು ವಿಷಯವನ್ನು ಹೇಳಿದಾಗ ನಮ್ಮ ಮನೆಯವರು ನಮ್ಮನ್ನು ಆಕ್ಷೇಪಿಸಲಿಲ್ಲ. "ಆ ವಾಸನೆ ನನಗೆ ಈಗಲೂ ನೆನಪಿದೆ" ಎಂದಷ್ಟೇ ಹೇಳಿ ಒಳಗೆ ಹೋದರು. ಅದಕ್ಕಿಂತ ಹೆಚ್ಚಿನ ದಂಡನೆ ಬೇಕಿರಲಿಲ್ಲ.

ಬೇಸಗೆಯ ಕೊನೆಯಲ್ಲಿ ಆ ಮಾಲಿಯವರೇ ಐದು ಮಾಗಿದ ಹಣ್ಣುಗಳನ್ನು ತಂದುಕೊಟ್ಟರು. ತಿರುಳನ್ನು ತೊಳೆದು, ಬೀಜಗಳನ್ನು ನೆರಳಿನಲ್ಲಿ ಆರಿಸಿ, ಮಣ್ಣು, ಮರಳು, ಗೊಬ್ಬರ ಬೆರೆಸಿದ ಚೀಲಗಳಲ್ಲಿ ಊರಿದೆವು. ಎರಡು ಮೊಳೆತವು. ಅವುಗಳನ್ನು ನೆಡಲು ನಮ್ಮ ಆವರಣದಲ್ಲಿ ಸ್ಥಳವಿಲ್ಲ, ಅಂಗಳವೆಲ್ಲ ಸಿಮೆಂಟು. ಒಂದನ್ನು ಬನ್ನೇರುಘಟ್ಟದ ಕಡೆಯ ಪರಿಚಿತ ರೈತರೊಬ್ಬರು ತಮ್ಮ ಹೊಲದ ಬದುವಿಗೆಂದು ಒಯ್ದರು. ಇನ್ನೊಂದು ಕುಂಡದಲ್ಲಿದೆ, ಒಂದು ಗೇಣಿನ ಎತ್ತರ. ಇದು ಹೂ ಬಿಡುವುದನ್ನು ನಾವು ನೋಡುವೆವೋ ಇಲ್ಲವೋ. ನೀರು ಹಾಕುವ ಸರದಿಯನ್ನು ಮೊಮ್ಮಗಳು ತಾನಾಗಿಯೇ ವಹಿಸಿಕೊಂಡಿದ್ದಾಳೆ. "ತಾತ, ಇದರ ಹೆಸರೇನು?" ಎಂದು ಅವಳು ಕೇಳಿದಾಗ, ಮೂರು ಹೆಸರುಗಳನ್ನೂ ಹೇಳಿಕೊಟ್ಟೆವು: ಸಂಸ್ಕೃತದ ಅಂಕೋಲ, ಕನ್ನಡದ ಅಂಕೋಲೆ, ಆ ಕೂಲಿಯಾಳಿನ ಊಡುಗ.

ಬಂಧುಗಳೆ, ನಿಮ್ಮಲ್ಲಿ ನಮ್ಮದೊಂದು ವಿನಂತಿ. ಎಲ್ಲರೂ ಲಾಲ್‌ಬಾಗಿಗೇ ಹೋಗಬೇಕೆಂದಿಲ್ಲ. ನಿಮ್ಮ ಊರಿನ ಕೆರೆಯ ಏರಿಯೋ, ಗುಡಿಯ ಬನವೋ, ಶಾಲೆಯ ಆವರಣವೋ, ಬಡಾವಣೆಯ ಉದ್ಯಾನವೋ ಸಾಕು. ತಿಂಗಳಿಗೊಂದು ದಿನವನ್ನು ಗೊತ್ತುಮಾಡಿ, ಐದಾರು ಮನೆಯವರು ಮಕ್ಕಳೊಡನೆ ಒಂದು ಮರದ ಕೆಳಗೆ ಕೂಡಿ. ಮಾತನಾಡಲು ವಿದ್ವಾಂಸರನ್ನು ಹುಡುಕಬೇಡಿ. ಸೊಪ್ಪು ಮಾರುವ ತಾಯಿ, ಕುರಿ ಕಾಯ್ದ ಅಜ್ಜ, ಹೊಲ ಮಾರಿ ನಗರ ಸೇರಿದ ರೈತ, ಬೀದಿಯ ಮರಗಳಿಗೆ ನೀರು ಹಾಯಿಸುವ ಕೆಲಸದವರು, ಇವರಲ್ಲೊಬ್ಬರನ್ನು ಕರೆದು ಗೌರವದಿಂದ ಕುಳ್ಳಿರಿಸಿ, "ಇದೇನು ಮರ? ಇದರಿಂದೇನು?" ಎಂದು ಕೇಳಿ. ಅವರು ಹೇಳಿದ ಹೆಸರನ್ನು ಮಕ್ಕಳ ಕೈಯಲ್ಲಿ ಬರೆಯಿಸಿಡಿ. ಹೆಸರು ಹೇಳಬಲ್ಲ ಆ ತಲೆಮಾರು ನಮ್ಮ ಕಣ್ಣೆದುರಿಗೇ ಸರಿಯುತ್ತಿದೆ. ಹೆಸರನ್ನು ಹೇಳುವವರು ಹೋದ ಮೇಲೆ ಉಳಿದ ಮರಗಳನ್ನು ಕಡಿಯುವುದು ಬಹಳ ಸುಲಭ.

ನಮ್ಮ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಅಂಕೋಲದ ಎದುರಿಗಿದ್ದ 'ಒಂದು ಬಗೆಯ ಮರ' ಎಂಬುದನ್ನು ಹೊಡೆದುಹಾಕಿ, ಕಂಡದ್ದನ್ನೂ ಕೇಳಿದ್ದನ್ನೂ ಬರೆದಿದ್ದೇವೆ. ತಿಲಕವೂ ಕುರವಕವೂ ಹಾಗೆಯೇ ಉಳಿದಿವೆ. ಬರುವ ತಿಂಗಳು ಮತ್ತೆ ಬಸ್ಸು ಹಿಡಿಯಬೇಕು.