ಮರಿಯಾನೆ ಸಾಕೇ, ದೊಡ್ಡ ಪಿಕಪ್ ಬೇಕೇ?



ಹೊಸೂರು, ಬಾಗಲೂರು, ಡೆಂಕಣಿಕೋಟೆ, ರಾಯಕೋಟೆಯಿಂದ ಕೃಷ್ಣಗಿರಿಯವರೆಗೆ ನಮ್ಮ ರೈತ ಕುಟುಂಬಗಳಲ್ಲಿ ಈಗ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ಬೆಳೆದದ್ದನ್ನು ಮಾರುಕಟ್ಟೆಗೆ ಸಾಗಿಸಲು ಸ್ವಂತ ಗಾಡಿ ಬೇಕು. ಸಣ್ಣದು ಕೊಳ್ಳುವುದೋ, ದೊಡ್ಡದು ಕೊಳ್ಳುವುದೋ? ಅಪ್ಪ 'ಸಣ್ಣದೇ ಸಾಕು' ಎನ್ನುತ್ತಾರೆ. ಮಗ 'ಕೊಳ್ಳುವುದಾದರೆ ದೊಡ್ಡದೇ ಇರಲಿ' ಎನ್ನುತ್ತಾನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗುತ್ತದೆ ಮನೆ. ನಡುವೆ ತಾಯಿ ಸುಮ್ಮನೆ ಕುಳಿತಿರುತ್ತಾರೆ. ಮುಂಗಡ ಹಣಕ್ಕೆ ಅಡವಿಗೆ ಹೋಗುವುದು ಅವರ ಒಡವೆಯೇ.

'ಗಾಡಿಯ ವಿಷಯ ಸ್ವಾಮಿಗಳಿಗೇಕೆ?' ಎಂದು ಕೆಲವರು ಕೇಳಬಹುದು. ಹೊಸ ಗಾಡಿಗೆ ತೀರ್ಥ ಚಿಮುಕಿಸಿ ಆಶೀರ್ವದಿಸುವುದು ನಮ್ಮ ಪದ್ಧತಿ. ಆ ಗಾಡಿಯ ಸಾಲದಿಂದ ಮನೆಯ ನೆಮ್ಮದಿ ಕೆಡಬಾರದು, ಅದರ ಭಾರದಿಂದ ಯಾರ ಜೀವವೂ ಹೋಗಬಾರದು ಎಂದು ಪ್ರಾರ್ಥಿಸುವವರು ಅದರ ಲೆಕ್ಕವನ್ನೂ ಸ್ವಲ್ಪ ತಿಳಿದಿರಬೇಕು. ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಲು ಹೊರಟವನ ಮಾತನ್ನು ಹೇಳುತ್ತಾರೆ. ಅಡಿಪಾಯ ಹಾಕುವ ಮೊದಲು ಅವನು ಕುಳಿತು ಖರ್ಚಿನ ಲೆಕ್ಕ ಹಾಕಬೇಕು. ಗಾಡಿ ಕೊಳ್ಳುವವರಿಗೂ ಆ ಮಾತು ಅನ್ವಯಿಸುತ್ತದೆ. ಷೋರೂಮಿಗೆ ಹೋಗುವ ಮೊದಲು ಮನೆಯಲ್ಲಿ ಕುಳಿತುಕೊಳ್ಳಬೇಕು.

ಮೊದಲು ಗಾಡಿಗಳ ಪರಿಚಯ ಮಾಡಿಕೊಳ್ಳೋಣ. 2005ರಲ್ಲಿ ಟಾಟಾ ಏಸ್ ಬಂದಾಗ ನಮ್ಮ ಹಳ್ಳಿಗಳ ಸಾಗಾಟವೇ ಬದಲಾಯಿತು. ಅದಕ್ಕೆ ಮೊದಲು ಮೂರು ಚಕ್ರದ ಗಾಡಿ ಬಿಟ್ಟರೆ ಲಾರಿ, ನಡುವೆ ಹೇಳಿಕೊಳ್ಳುವಂಥದ್ದು ಕಡಿಮೆ. ಬೆಂಗಳೂರಿನವರು ಅದನ್ನು 'ಚೋಟಾ ಹಾಥಿ' ಎಂದರು, ನಮ್ಮ ಭಾಗದ ತಮಿಳರು 'ಕುಟ್ಟಿ ಯಾನೈ' ಎಂದರು. ಎರಡರ ಅರ್ಥವೂ ಮರಿಯಾನೆಯೇ. ಅದು ಹೊರುವುದು ಸುಮಾರು ಮುಕ್ಕಾಲು ಟನ್. 2011ರಲ್ಲಿ ಅಶೋಕ್ ಲೇಲ್ಯಾಂಡ್‌ನವರ ದೋಸ್ತ್ ಬಂತು. ಅದು ನಮ್ಮ ಹೊಸೂರಿನ ಕಾರ್ಖಾನೆಯಲ್ಲೇ ಹುಟ್ಟಿದ ಗಾಡಿ, ಸುಮಾರು ಒಂದೂಕಾಲು ಟನ್ ಹೊರುತ್ತದೆ. ಅದಕ್ಕಿಂತ ಮೇಲೆ ಮಹೀಂದ್ರಾ ಬೊಲೆರೊ ಪಿಕಪ್‌ನಂಥವು. ಅವುಗಳಲ್ಲಿ ಒಂದೂವರೆ ಟನ್, ಅದಕ್ಕೂ ಹೆಚ್ಚು ಹೊರುವವೂ ಇವೆ.

ಇದೇ ಗೊಂದಲ ದೂರದ ಅಮೆರಿಕದಲ್ಲೂ ಇದೆ. ಅಲ್ಲಿ ಪಿಕಪ್‌ಗಳಿಗೆ 'ಅರ್ಧ ಟನ್', 'ಮುಕ್ಕಾಲು ಟನ್', 'ಒಂದು ಟನ್' ಎಂಬ ಹಳೆಯ ಹೆಸರುಗಳು ಇಂದಿಗೂ ಉಳಿದಿವೆ. ದೋಣಿ, ಕುದುರೆ, ಚಕ್ರದ ಮೇಲಿನ ಮನೆ ಇವನ್ನೆಲ್ಲ ಹಿಂದೆ ಕಟ್ಟಿಕೊಂಡು ಎಳೆಯಲು ಯಾವುದು ಸಾಕು ಎಂಬುದು ಅಲ್ಲಿನ ಕುಟುಂಬಗಳ ಚರ್ಚೆ. ಅಲ್ಲಿನ ಅನುಭವಿಗಳು ಹೇಳುವುದು ಒಂದೇ ಮಾತು: ಹೆಸರನ್ನು ನಂಬಬೇಡಿ, ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿರುವ ತೂಕವನ್ನು ನೋಡಿ. ಹಿಂದೆ ಎಳೆಯುವ ಟ್ರೇಲರಿನ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಕೊಂಡಿಯ ಮೂಲಕ ಗಾಡಿಯ ಬೆನ್ನಿಗೇ ಬೀಳುತ್ತದೆ, ಅದನ್ನೂ ಕೂಡಿಸಿಕೊಳ್ಳಿ. ನಮ್ಮಲ್ಲಿ ಎಳೆಯುವ ಕೆಲಸ ಟ್ರ್ಯಾಕ್ಟರಿನದು, ಹೊರುವ ಕೆಲಸ ಪಿಕಪ್ಪಿನದು. ಆದರೂ ಬುದ್ಧಿಮಾತು ನಮಗೂ ಸಲ್ಲುತ್ತದೆ.

ನಮ್ಮ ಚೀಟಿ ಎಂದರೆ ಆರ್.ಸಿ. ಪುಸ್ತಕ. ಅದರಲ್ಲಿ ಗಾಡಿಯ ಖಾಲಿ ತೂಕವೂ ಇರುತ್ತದೆ, ಸರಕು ತುಂಬಿದ ಮೇಲೆ ಮೀರಬಾರದ ಒಟ್ಟು ತೂಕವೂ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆಯಿರಿ. ಉದಾಹರಣೆಗೆ ಒಟ್ಟು ತೂಕ 1,600 ಕಿಲೋ, ಖಾಲಿ ತೂಕ 850 ಕಿಲೋ ಎಂದಿಟ್ಟುಕೊಳ್ಳೋಣ. ಉಳಿದದ್ದು 750 ಕಿಲೋ. ಆದರೆ ಅದೆಲ್ಲ ಸರಕಿಗೆ ಸಿಗುವುದಿಲ್ಲ. ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಚಾಲಕನ ತೂಕ ಸೇರಿರುವುದಿಲ್ಲ. ಚಾಲಕ, ಜೊತೆಗೊಬ್ಬ ಆಳು ಎಂದರೆ 130 ಕಿಲೋ. ನೀವು ಆಮೇಲೆ ಕಟ್ಟಿಸಿದ ಕಬ್ಬಿಣದ ಚೌಕಟ್ಟು, ಟಾರ್ಪಾಲು, ಹಗ್ಗ ಎಲ್ಲ ಸೇರಿ 70 ಕಿಲೋ ಎನ್ನಿ. ಈಗ ಉಳಿದದ್ದು 550 ಕಿಲೋ. ಟೊಮೆಟೊ ಕ್ರೇಟ್ ಒಂದಕ್ಕೆ 25 ಕಿಲೋ ಹಿಡಿದರೆ 22 ಕ್ರೇಟು ಮಾತ್ರ. ಅದೇ ಗಾಡಿಗೆ 40 ಕ್ರೇಟು ಹೇರಿದರೆ ಸಾವಿರ ಕಿಲೋ, ಅಂದರೆ ಹೊರಬೇಕಾದದ್ದರ ಸುಮಾರು ಎರಡರಷ್ಟು.

'ಆದರೆ ಗಾಡಿ ಎಳೆಯುತ್ತದಲ್ಲ ಸ್ವಾಮಿ' ಎನ್ನುತ್ತಾರೆ ನಮ್ಮ ಯುವಕರು. ನಿಜ, ಎಳೆಯುತ್ತದೆ. ಎಳೆದದ್ದನ್ನು ನಿಲ್ಲಿಸುವುದೇ ಕಷ್ಟ. ತೂಕ ಎರಡರಷ್ಟಾದರೆ ಅದೇ ವೇಗದಲ್ಲಿ ಬ್ರೇಕಿನ ಮೇಲೆ ಬೀಳುವ ಕೆಲಸವೂ ಎರಡರಷ್ಟಾಗುತ್ತದೆ. ವೇಗ ಎರಡರಷ್ಟಾದರೆ ಆ ಕೆಲಸ ನಾಲ್ಕರಷ್ಟಾಗುತ್ತದೆ. ನಮ್ಮ ಭಾಗದ ರಸ್ತೆಗಳು ಸಮತಟ್ಟಲ್ಲ. ಹೊಸೂರಿಗಿಂತ ಕೃಷ್ಣಗಿರಿ ಸುಮಾರು ಸಾವಿರ ಅಡಿ ಕೆಳಗಿದೆ. ಡೆಂಕಣಿಕೋಟೆಯಿಂದ ಅಂಚೆಟ್ಟಿಗೆ ಕಾಡಿನ ನಡುವೆ ತಿರುವುಗಳ ಇಳಿಜಾರು. ಧರ್ಮಪುರಿ ದಾಟಿ ಸೇಲಂಗೆ ಹೋಗುವಾಗ ಸಿಗುವ ತೊಪ್ಪೂರು ಘಾಟಿಯ ಅಪಘಾತಗಳ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತುತ್ತಲೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರಂತೂ ತಮ್ಮ ಜೀವದೊಂದಿಗೆ ಎದುರು ಬರುವವರ ಜೀವವನ್ನೂ ಪಣಕ್ಕಿಡುತ್ತಾರೆ. ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಯುವುದೇ ಸರಿ.

ಇನ್ನು ಕೆಲವರು 'ಹಿಂದೆ ಎರಡು ಸ್ಪ್ರಿಂಗ್ ಪ್ಲೇಟು ಹೆಚ್ಚಿಗೆ ಹಾಕಿಸಿದರೆ ಸಣ್ಣ ಗಾಡಿಯೇ ದೊಡ್ಡ ಗಾಡಿ' ಎಂದು ನಂಬಿದ್ದಾರೆ. ಪ್ಲೇಟು ಹಾಕಿಸಿದರೆ ಗಾಡಿಯ ಹಿಂಭಾಗ ಕುಸಿಯದೆ ನಿಲ್ಲುತ್ತದೆ, ಅಷ್ಟೇ. ಬ್ರೇಕು ಹಳೆಯದೇ, ಆಕ್ಸಲ್ ಹಳೆಯದೇ, ಟೈರೂ ಹಳೆಯದೇ. ಭಾರ ಹೆಚ್ಚಾದದ್ದು ಕಣ್ಣಿಗೆ ಕಾಣದಂತಾಯಿತು, ಗಾಡಿಗೆ ಮಾತ್ರ ಕಡಿಮೆಯಾಗಲಿಲ್ಲ.

ಹಾಗಾದರೆ ಎಲ್ಲರೂ ದೊಡ್ಡ ಪಿಕಪ್ಪನ್ನೇ ಕೊಳ್ಳಬೇಕೇ? ಸಾಲದ ಲೆಕ್ಕವನ್ನೂ ನೋಡೋಣ. ನೂರಕ್ಕೆ 11ರ ವಾರ್ಷಿಕ ಬಡ್ಡಿ, ನಾಲ್ಕು ವರ್ಷದ ಅವಧಿ ಎಂದುಕೊಂಡರೆ 5 ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 12,900 ರೂಪಾಯಿ. 8 ಲಕ್ಷಕ್ಕೆ ಸುಮಾರು 20,700. ವ್ಯತ್ಯಾಸ 7,800 ರೂಪಾಯಿ. ತಿಂಗಳಿಗೆ 25 ದಿನ ಗಾಡಿ ಓಡಿದರೂ ದೊಡ್ಡ ಗಾಡಿ ಪ್ರತಿದಿನ 300 ರೂಪಾಯಿಗೂ ಹೆಚ್ಚು ಬೇರೆಯಾಗಿ ದುಡಿದು ಕೊಡಬೇಕು. ಅದರ ಮೇಲೆ ಹೆಚ್ಚಿನ ಡೀಸೆಲ್, ದುಬಾರಿ ಟೈರು, ವಿಮೆ ಎಲ್ಲ ಇದೆ. ಮಳೆ ಬಂದರೂ ಬೆಲೆ ಬಿದ್ದರೂ ಕಂತಿನ ದಿನ ಬಂದೇ ಬರುತ್ತದೆ. ರಾಯಕೋಟೆ ಮಂಡಿಯಲ್ಲಿ ಟೊಮೆಟೊ ಬೆಲೆ ಬಿದ್ದು ಕೊಯ್ದ ಕೂಲಿಯೂ ಹುಟ್ಟದ ದಿನಗಳನ್ನು ನಾವು ಕಂಡಿಲ್ಲವೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇಂಥ ದಿನಗಳನ್ನು ಕಂಡೇ.

ಆದ್ದರಿಂದ ನನ್ನ ಸಲಹೆ ಸರಳ. ಒಂದು ನೋಟುಬುಕ್ ತೆಗೆದುಕೊಂಡು ಕಳೆದ ವರ್ಷ ಎಷ್ಟು ದಿನ, ಎಷ್ಟು ತೂಕ, ಯಾವ ಊರಿಗೆ ಸಾಗಿಸಿದಿರಿ ಎಂದು ತಿಂಗಳುವಾರು ಬರೆಯಿರಿ. ಅಪ್ಪ, ಅಮ್ಮ, ಮಗ, ಸೊಸೆ ಎಲ್ಲರೂ ಕುಳಿತು ಬರೆಯಿರಿ. ನೆರೆಯವರ ಗಾಡಿಯನ್ನು ನೋಡಿ ಬರೆಯಬೇಡಿ. ವರ್ಷದ ಅತಿ ಭಾರದ ದಿನವನ್ನು ಹಿಡಿದು ಗಾಡಿ ಕೊಳ್ಳಬೇಡಿ, ಹೆಚ್ಚು ದಿನಗಳ ಭಾರವನ್ನು ಹಿಡಿದು ಕೊಳ್ಳಿ.

ಬಾಗಲೂರು, ಬೇರಿಗೆ ಕಡೆ ಗುಲಾಬಿ ಬೆಳೆಯುವವರ ಲೆಕ್ಕ ಹೀಗೆ ಬರಬಹುದು. ಹೂವು ಜಾಗ ಹಿಡಿಯುತ್ತದೆ, ತೂಕ ಹಿಡಿಯುವುದಿಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಇಕ್ಕಟ್ಟಿನ ಬೀದಿಗೂ ಸಣ್ಣ ಗಾಡಿಯೇ ಅನುಕೂಲ. ಮಾವಿನ ಕಾಲದಲ್ಲಿ ಕೆಲವು ವಾರ ತೋತಾಪುರಿ ಹಣ್ಣನ್ನು ಕೃಷ್ಣಗಿರಿಯ ತಿರುಳು ಕಾರ್ಖಾನೆಗೆ ಸಾಗಿಸಬೇಕಾದರೆ ಆಗ ಮಾತ್ರ ದೊಡ್ಡ ಗಾಡಿಯನ್ನು ಬಾಡಿಗೆಗೆ ಹಿಡಿಯಬಹುದು. ಆ ಬಾಡಿಗೆಯನ್ನು ಮೇಲೆ ಹೇಳಿದ ಕಂತಿನ ವ್ಯತ್ಯಾಸದೊಂದಿಗೆ ತೂಗಿ ನೋಡಿ. ಆದರೆ ವರ್ಷದ ಹೆಚ್ಚು ದಿನ ಒಂದು ಟನ್ನಿಗೂ ಮೇಲೆ ಟೊಮೆಟೊ, ಎಲೆಕೋಸು ತುಂಬಿ ಬೆಂಗಳೂರಿಗೋ ಘಾಟಿ ಇಳಿದೋ ಹೋಗುವ ಕುಟುಂಬಕ್ಕೆ ಸಣ್ಣ ಗಾಡಿ ಉಳಿತಾಯವಲ್ಲ. ಪ್ರತಿದಿನ ಮಿತಿ ಮೀರಿ ಹೇರುವುದಕ್ಕಿಂತ ದೊಡ್ಡದನ್ನೇ ಕೊಳ್ಳುವುದು ಲೇಸು. ಅದಕ್ಕೆ ಶಕ್ತಿ ಇಲ್ಲದಿದ್ದರೆ ಅಣ್ಣತಮ್ಮಂದಿರು ಸೇರಿ ಕೊಳ್ಳಬಹುದು. ಆಗ ಯಾರ ಸರದಿ ಎಂದು, ರಿಪೇರಿ ಯಾರದು ಎಂದು ಮೊದಲೇ ಕಾಗದದಲ್ಲಿ ಬರೆದಿಡಿ. ಬರೆಯದ ಒಪ್ಪಂದ ಎಷ್ಟೋ ಅಣ್ಣತಮ್ಮಂದಿರನ್ನು ದೂರ ಮಾಡಿದೆ.

ಕಾನೂನಿನ ಮಾತೂ ತಿಳಿದಿರಲಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ದೊಡ್ಡ ಪಿಕಪ್‌ಗಳಲ್ಲಿ ಕೆಲವು ಈ ಗೆರೆಯನ್ನು ದಾಟುತ್ತವೆ. ಅತ್ತಿಬೆಲೆ ದಾಟಿ ಕರ್ನಾಟಕಕ್ಕೆ ಹೋಗುವವರು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. 2019ರ ತಿದ್ದುಪಡಿಯಂತೆ ಅತಿಭಾರಕ್ಕೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಹೆಚ್ಚಿನ ಸರಕನ್ನು ಅಲ್ಲೇ ಇಳಿಸಬೇಕು. ಕಾರಿನ ಲೈಸೆನ್ಸ್ ಇದ್ದವರು 7,500 ಕಿಲೋಗಿಂತ ಕಡಿಮೆ ಒಟ್ಟು ತೂಕದ ಸರಕು ಗಾಡಿಯನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿದೆ. ಆದರೆ ಸರಕು ಗಾಡಿ ಓಡಿಸಲು 20 ವರ್ಷ ತುಂಬಿರಬೇಕು. ಹದಿನೆಂಟಕ್ಕೆ ಲೈಸೆನ್ಸ್ ಪಡೆದ ಮಗನ ಕೈಗೆ ಬೀಗದಕೈ ಕೊಡುವ ತಂದೆತಾಯಿಯರು ಇದನ್ನು ಮರೆಯಬಾರದು.

ಇನ್ನೊಂದು ಮಾತನ್ನು ಬಿಡಿಸಿ ಹೇಳಲೇಬೇಕು. ಗಾಡಿ ಸಣ್ಣದಿರಲಿ ದೊಡ್ಡದಿರಲಿ, ಅದು ಸರಕಿನ ಗಾಡಿ. ಮದುವೆಗೆ, ಸಾವಿಗೆ, ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಹಿಂದಿನ ತೊಟ್ಟಿಯಲ್ಲಿ ಮಕ್ಕಳು, ಮುದುಕರು, ಗರ್ಭಿಣಿಯರನ್ನು ತುಂಬಿಕೊಂಡು ಹೋಗುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಅಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಟೊಮೆಟೊ ಕ್ರೇಟು ಕುಳಿತಲ್ಲೇ ಕುಳಿತಿರುತ್ತದೆ. ಜನ ತಿರುವಿನಲ್ಲಿ ಒಂದೇ ಕಡೆಗೆ ವಾಲುತ್ತಾರೆ, ಗಾಡಿಯೂ ವಾಲುತ್ತದೆ. ಅಪಘಾತವಾದರೆ ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು 2002ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಆ ಹೊಣೆ ಗಾಡಿಯ ಮಾಲೀಕನ ತಲೆಗೇ ಬರುತ್ತದೆ. ನೆರೆಯವರಿಗೆ ಉಪಕಾರ ಮಾಡಹೋದವರ ಹೊಲ ಮಾರಾಟಕ್ಕೆ ಬರುತ್ತದೆ, ಸತ್ತವರ ಮನೆಗೂ ಪರಿಹಾರ ಸಿಗುವುದು ಕಷ್ಟವಾಗುತ್ತದೆ. ಯಾತ್ರೆಗೆ ಹೊರಡುವವರು ತಲೆಗಿಷ್ಟು ಹಾಕಿ ಬಸ್ಸು ಹಿಡಿಯಿರಿ. ಹಣ ಸಾಲದವರಿದ್ದರೆ ಉಳಿದವರು ಅವರ ಪಾಲು ಹಾಕಿ. ಅದೂ ಯಾತ್ರೆಯ ಪುಣ್ಯದ ಒಂದು ಭಾಗವೇ.

ಯೇಸುಸ್ವಾಮಿ ಬಡಗಿಯ ಮನೆಯಲ್ಲಿ ಬೆಳೆದವರು. ಅವರು ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಎರಡನೆಯ ಶತಮಾನದ ಹುತಾತ್ಮ ಸಂತ ಜಸ್ಟಿನ್ ಬರೆದಿದ್ದಾರೆ. ಒಳ್ಳೆಯ ಬಡಗಿ ಎತ್ತಿನ ಹೆಗಲನ್ನು ನೋಡಿ ನೊಗ ಕೆತ್ತುತ್ತಾನೆ. ಅಳತೆ ತಪ್ಪಿದ ನೊಗ ಎತ್ತಿನ ಹೆಗಲನ್ನು ಹುಣ್ಣು ಮಾಡುತ್ತದೆ. ತಮ್ಮ ನೊಗ ಹಗುರ ಎಂದು ಹೇಳಿದ ಸ್ವಾಮಿಗೆ ಹೆಗಲಿನ ನೋವು ಗೊತ್ತಿತ್ತು. ಎತ್ತಿಗೆ ಹೆಚ್ಚು ಹೇರಿದರೆ ಅದು ನಿಂತುಬಿಡುತ್ತಿತ್ತು, ಮಲಗಿಬಿಡುತ್ತಿತ್ತು. ನಮ್ಮ ಅಜ್ಜಂದಿರಿಗೆ ಅದೇ ಎಚ್ಚರಿಕೆ. ಗಾಡಿ ಹಾಗೆ ಹೇಳುವುದಿಲ್ಲ. ಇಳಿಜಾರು ಬರುವವರೆಗೆ ಸುಮ್ಮನೆ ಹೊತ್ತುಕೊಂಡು ಹೋಗುತ್ತದೆ. ಆದ್ದರಿಂದ ಸಾಕು ಎಂದು ಹೇಳುವ ಕೆಲಸ ಹೇರುವವರದೇ.

ಈ ವಾರ ಸಂಜೆ ಜಪಸರ ಮುಗಿದ ಮೇಲೆ ಆ ನೋಟುಬುಕ್ ತೆಗೆಯಿರಿ. ಈಗಾಗಲೇ ಗಾಡಿ ಇರುವವರು ಆರ್.ಸಿ. ಪುಸ್ತಕ ತೆರೆದು ಕಳೆಯುವ ಲೆಕ್ಕ ಮಾಡಿ, ಎಷ್ಟು ಕ್ರೇಟು ಎಂಬುದನ್ನು ಗಾಡಿಯ ಒಳಗೆ ದೊಡ್ಡ ಅಕ್ಷರದಲ್ಲಿ ಬರೆಸಿ. ಕೊಳ್ಳಲಿರುವವರು ತಾಯಿಯ ಮಾತನ್ನೂ ಕೇಳಿ ಸಹಿ ಹಾಕಿ. ನಿಮ್ಮ ದುಡಿಮೆಯನ್ನೂ ದಾರಿಯನ್ನೂ ದೇವರು ಆಶೀರ್ವದಿಸಲಿ.