ಕಳೆ ಕಿತ್ತರೆ ಕೆರೆ ಶುದ್ಧವಾದೀತೆ?

ಮೈಸೂರಿನ ಕೆರೆಗಳ ಪುನಶ್ಚೇತನವೆಂದರೆ ಹೂಳೆತ್ತುವುದು, ಅಂತರಗಂಗೆ ಕೀಳುವುದು, ಏರಿಯ ಮೇಲೆ ನಡಿಗೆದಾರಿ ನಿರ್ಮಿಸುವುದು ಎಂದೇ ಬಹುಮಟ್ಟಿಗೆ ಭಾವಿಸಲಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ನೀರುಣಿಸುತ್ತಿದ್ದ ಪೂರ್ಣಯ್ಯ ನಾಲೆಯನ್ನು ಬೆಳೆಯುವ ನಗರ ನುಂಗಿತು. ಮಳೆನೀರಿನ ಹಾದಿ ಮುಚ್ಚಿ ಚರಂಡಿ ನೀರಿನ ಹಾದಿ ತೆರೆಯಿತು. ವಿದ್ಯಾರಣ್ಯಪುರದ ಶುದ್ಧೀಕರಣ ಘಟಕದ ನೀರು ಸೇರುವ ದಳವಾಯಿ ಕೆರೆಯ ಹರಿವು ಕಬಿನಿಯತ್ತ. ಆ ಕಬಿನಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಬೆಟ್ಟದ ನಾವು ಕಳುಹಿಸಿಕೊಟ್ಟ ನೀರು ಕೆಳಗಿನವರನ್ನು ಯಾವ ಸ್ಥಿತಿಯಲ್ಲಿ ಮುಟ್ಟುತ್ತಿದೆಯೆಂದು ಕೇಳುವ ಹಕ್ಕು ನಮಗೂ ಇದೆ.

ಅಂತರಗಂಗೆ ಹಬ್ಬುವುದು ನೀರಿನಲ್ಲಿ ಗೊಬ್ಬರವಿರುವುದರಿಂದ. ಮಲಮೂತ್ರದ ಸಾರಜನಕವು ಮುಖ್ಯವಾಗಿ ಅಮೋನಿಯ ರೂಪದಲ್ಲಿ ಕೆರೆಯನ್ನು ಸೇರುತ್ತದೆ. ಅದು ಮೀನಿಗೆ ವಿಷ. ನೈಟ್ರೇಟಾಗಿ ಮಾರ್ಪಟ್ಟು ಬಾವಿಗಿಳಿದರೆ ಕುಡಿಯುವ ನೀರಿಗೆ ಕುತ್ತು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮೀರಬಾರದು.

ಇದಕ್ಕೆ ಉತ್ತರ ನಮ್ಮ ಗದ್ದೆಯಲ್ಲೇ ಇದೆ. ನೀರು ನಿಂತ ಗದ್ದೆಗೆ ಯೂರಿಯಾ ಎರಚಿದರೆ ಬಹುಪಾಲು ಪೈರಿಗೆ ದಕ್ಕುವುದಿಲ್ಲವೆಂಬುದು ರೈತರಿಗೆ ಗೊತ್ತು. ಕೆಸರಿನ ಮೇಲಿನ ತೆಳುಪದರದಲ್ಲಿ ಆಮ್ಲಜನಕವಿರುವುದರಿಂದ ಅಲ್ಲಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟಾಗಿಸುತ್ತವೆ. ಗಾಳಿಯಾಡದ ಕೆಳಪದರದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಗದ್ದೆಯಲ್ಲಿ ಇದು ನಷ್ಟ. ಕೊಳಚೆ ನೀರಿಗೆ ಇದೇ ಚಿಕಿತ್ಸೆ. ನಿರ್ಮಿತ ಜೌಗುಭೂಮಿಯೆಂದರೆ ಇಷ್ಟೇ: ಜಲ್ಲಿ, ಮರಳು, ಜೊಂಡು, ಮತ್ತು ಈ ಸೂಕ್ಷ್ಮಜೀವಿಗಳು.

ಆದರೆ ಒಂದೇ ಜಲ್ಲಿಪಾತಿ ಮಾಡಿ, ಸದಾ ನೀರು ನಿಲ್ಲಿಸಿ, ಜೊಂಡು ನೆಟ್ಟರೆ ಸಾಲದು. ಒಂದು ಗ್ರಾಂ ಅಮೋನಿಯ ಸಾರಜನಕ ನೈಟ್ರೇಟಾಗಲು ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕ ಬೇಕು. ಬೇರುಗಳು ಅಷ್ಟನ್ನು ಒದಗಿಸಲಾರವು. ಬಂದ ಅಮೋನಿಯ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಆದುದರಿಂದ ಎರಡು ಹಂತಗಳಿರಬೇಕು. ಮೊದಲನೆಯದರಲ್ಲಿ ನೀರನ್ನು ಬಿಟ್ಟು ಬಿಟ್ಟು ಮೇಲಿನಿಂದ ಸುರಿದು ನಡುವೆ ಗಾಳಿಯಾಡಲು ಬಿಡಬೇಕು. ಎರಡನೆಯದು ಸದಾ ಮುಳುಗಿರಬೇಕು. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಇಂಗಾಲದ ಆಹಾರವೂ ಬೇಕು: ಮರದ ಚಕ್ಕೆಯಾದೀತು, ಸ್ವಲ್ಪಾಂಶ ಹಸಿ ಕೊಳಚೆ ನೀರೂ ಆದೀತು. ಜೊಂಡು ಹೀರುವ ಸಾರಜನಕ ಅಲ್ಪವೇ. ಕೊಯ್ದು ಸಾಗಿಸದಿದ್ದರೆ ಕೊಳೆತು ಅದೂ ನೀರಿಗೇ ಮರಳುತ್ತದೆ. (ಉದ್ಘಾಟನೆಗೆ ಬರುವವರು ಕೊಯ್ಲಿಗೆ ಬರುವುದಿಲ್ಲ!)

ಇದು ಶುದ್ಧೀಕರಣ ಘಟಕಕ್ಕೆ ಬದಲಿಯೆಂದು ಯಾರೂ ಸಾರದಿರಲಿ. ತಲೆಗೊಂದು ಚದರ ಮೀಟರ್ ಎಂದರೂ ಲಕ್ಷ ಜನರಿಗೆ ಇಪ್ಪತ್ತೈದು ಎಕರೆ ಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಮಾಡಿರುವಂತೆ ಘಟಕದಿಂದ ಹೊರಬಿದ್ದ ನೀರನ್ನು ಕೆರೆಗೆ ಮುನ್ನ ಜೌಗಿನಲ್ಲಿ ಹಾಯಿಸುವುದೇ ಯುಕ್ತ. ಮೈಸೂರಿನಲ್ಲಿ ಕೆರೆಯಂಗಳದ ನಾಲೆಬಾಯಿಗಳನ್ನು ಉದ್ಯಾನಕ್ಕೂ ರಸ್ತೆಗೂ ಕೊಡುವ ಮೊದಲು ಈ ಕೆಲಸಕ್ಕೆ ಮೀಸಲಿಡಬೇಕು.

ಬೆಟ್ಟದ ಹೋಂಸ್ಟೇಗಳ ನೀರು ಹಳ್ಳ ಸೇರುವಲ್ಲಿಯೂ ಇಂತಹ ಎರಡು ಪಾತಿಗಳು ಆಗಬಹುದು. ಅಲ್ಲಿ ಜಾಗದ ಕೊರತೆಯಿಲ್ಲ, ಇಳಿಜಾರಿರುವುದರಿಂದ ಪಂಪೂ ಬೇಡ. ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಒಳಬರುವ, ಹೊರಹೋಗುವ ನೀರಿನ ಅಮೋನಿಯ, ನೈಟ್ರೇಟ್‌ಗಳನ್ನು ಅಳೆದು ಪಂಚಾಯಿತಿಯ ಫಲಕದಲ್ಲಿ ಬರೆಯಲಿ.