ಹುದ್ದೆ ಔರಾದಿನದು, ಸೇವೆ ಬೀದರಿನಲ್ಲಿ

ಬೀದರ ಜಿಲ್ಲೆಯ ಸರ್ಕಾರಿ ಸೇವೆಗಳ ಕೊರತೆಯ ಮಾತು ಬಂದಾಗಲೆಲ್ಲ ಸಿದ್ಧವಾಗಿರುವ ಉತ್ತರ ಒಂದೇ: ಹುದ್ದೆಗಳು ಖಾಲಿ ಇವೆ, ನೇಮಕವಾಗಬೇಕು. ಇದು ಅರ್ಧಸತ್ಯ. ಖಾಲಿ ಹುದ್ದೆಯಾದರೂ ಕಡತದಲ್ಲಿ ಖಾಲಿ ಎಂದೇ ಕಾಣುತ್ತದೆ. ಭರ್ತಿಯಾದಂತೆ ತೋರಿಯೂ ಬರಿದಾಗಿರುವ ಹುದ್ದೆಯನ್ನು ಎಣಿಸುವವರು ಯಾರು?

‘ನಿಯೋಜನೆ’ ಎಂಬ ಸೌಮ್ಯ ಪದದ ಮರೆಯಲ್ಲಿ ನಡೆಯುವುದು ಇದೇ. ಔರಾದ ತಾಲ್ಲೂಕಿನ ಗಡಿಗ್ರಾಮದ ಶಾಲೆಗೆ ನೇಮಕಗೊಂಡವರು ಆ ಹುದ್ದೆಯ ವೇತನವನ್ನೇ ಪಡೆಯುತ್ತ ಜಿಲ್ಲಾ ಕೇಂದ್ರದ ಕಚೇರಿಯಲ್ಲಿ ಕುಳಿತರೆ, ಹಳ್ಳಿಗೆ ಬೇರೊಬ್ಬರನ್ನು ಕಳಿಸಲೂ ಬಾರದು, ಹುದ್ದೆ ಭರ್ತಿಯಾಗಿದೆಯಷ್ಟೆ! ಭಾಲ್ಕಿಗೆ ರೈಲು ಇದೆ. ಬೀದರಿನಲ್ಲಿ ಮನೆ ಮಾಡಿದವರು ತಡವಾಗಿಯಾದರೂ ಬಂದಾರು. ಔರಾದಿಗೆ ಅದೂ ಇಲ್ಲ.

ಸಂವಿಧಾನದ 371ಜೆ ವಿಧಿಯನ್ವಯ ಹೊರಟ 2013ರ ಆದೇಶವು ಇಂದಿನ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ‘ಸಿ’ ಗುಂಪಿನ ಶೇ. 80, ‘ಡಿ’ ಗುಂಪಿನ ಶೇ. 85 ಹುದ್ದೆಗಳನ್ನು ಸ್ಥಳೀಯರಿಗೆ ಮೀಸಲಿರಿಸಿತು. ಅದು ದೀರ್ಘ ಹೋರಾಟದ ಫಲ. ಆದರೆ ಬೀದರ ನಗರಕ್ಕೂ ಔರಾದಿಗೂ ನಡುವಿನ ಅಂತರ ಆ ಮೀಸಲಾತಿಯ ಕಣ್ಣಿಗೆ ಬೀಳದು. ಬೆಂಗಳೂರಿನಿಂದ ತಮಗಾದ ಅನ್ಯಾಯವನ್ನು ಎತ್ತಿ ಆಡಿದ ನಾಲಗೆಗಳು, ಬೀದರಿನಿಂದ ಔರಾದಿಗಾಗುವ ಅನ್ಯಾಯದ ಮುಂದೆ ಮೌನ ತಾಳಿರುವುದೇಕೆ?

ಕಾನೂನಂತೂ ಮೌನವಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 25ನೆಯ ಕಲಮು, ಒಂದು ಶಾಲೆಗೆ ನೇಮಿಸಿದ ಶಿಕ್ಷಕರನ್ನು ಬೇರೆ ಶಾಲೆಯಲ್ಲಾಗಲಿ ಕಚೇರಿಯಲ್ಲಾಗಲಿ ದುಡಿಸಕೂಡದೆನ್ನುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರಗಳಷ್ಟೇ ಅಪವಾದ.

ಹಳ್ಳಿಯಲ್ಲಿ ವಸತಿಯಿಲ್ಲ, ಮಕ್ಕಳ ಓದಿಗೆ ಅನುಕೂಲವಿಲ್ಲ, ಮನೆಯಲ್ಲಿ ವೃದ್ಧ ತಂದೆತಾಯಿಗಳಿದ್ದಾರೆ ಎಂಬ ನೌಕರರ ಅಳಲು ಸುಳ್ಳಲ್ಲ. ಅದಕ್ಕೆ ವಸತಿಗೃಹ ಕಟ್ಟಿಸಲಿ, ಭತ್ಯೆ ಹೆಚ್ಚಿಸಲಿ, ನಿಗದಿತ ವರ್ಷಗಳ ನಂತರ ತಪ್ಪದೆ ವರ್ಗಾಯಿಸಲಿ. ಶಿಫಾರಸು ತರಬಲ್ಲವರಿಗೆ ನಗರ, ತರಲಾರದವರಿಗೆ ಹಳ್ಳಿ ಎಂಬ ರೂಢಿಯಿಂದ ಮೊದಲು ನೋಯುವವರು ಹಳ್ಳಿಯಲ್ಲೇ ಉಳಿದು ಇಬ್ಬರ ಕೆಲಸ ಹೊರುವ ಸಹೋದ್ಯೋಗಿಗಳೇ.

ಕೊಡದುದನ್ನು ಪಡೆಯುವುದು ಕಳವೆಂದು ಅಚೌರ್ಯಾಣುವ್ರತವನ್ನು ಬಲ್ಲ ಶ್ರಾವಕರಿಗೆ ವಿವರಿಸಬೇಕಿಲ್ಲ. ವೇತನ ಸರ್ಕಾರ ಕೊಟ್ಟದ್ದೇ ಹೌದು. ಆದರೆ ಔರಾದಿನ ಮಗುವಿಗಾಗಿ ಕೊಟ್ಟದ್ದು. ಕಳವಿಗೆ ಪ್ರೇರಿಸುವುದನ್ನೂ ಕದ್ದುದನ್ನು ಸ್ವೀಕರಿಸುವುದನ್ನೂ ಆ ವ್ರತದ ಅತಿಚಾರಗಳೆಂದೇ ಎಣಿಸಲಾಗಿದೆ. ಹಾಗಿರುವಾಗ ಶಿಫಾರಸು ಪತ್ರ ಬರೆದವರೂ, ಹೆಚ್ಚುವರಿ ಕೈ ದೊರೆಯಿತೆಂದು ಹಿಗ್ಗಿದ ನಗರದ ಕಚೇರಿಯೂ ದೋಷದಿಂದ ಹೊರಗುಳಿಯಲಾರರು.

ಪ್ರತಿ ತಾಲ್ಲೂಕು ಕಚೇರಿಯ ಗೋಡೆಗೆ ಎರಡೇ ಅಂಕಣಗಳ ಪಟ್ಟಿಯೊಂದು ಬೇಕು: ಹುದ್ದೆ ಯಾವ ಊರಿನದು, ನೌಕರರು ಇಂದು ಇರುವುದು ಯಾವ ಊರಿನಲ್ಲಿ. ನೌಕರರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಮು ವಿಧಿಸಿದೆ. ಎರಡನೆಯ ಅಂಕಣವನ್ನು ಸೇರಿಸಲು ಹೊಸ ಕಾನೂನೇನೂ ಬೇಕಾಗಿಲ್ಲ.